ಪಕ್ಕದ ಮನೆಗೆ ಬರೆದ ಪತ್ರಗಳು

1820ರ ಫೆಬ್ರವರಿಯಲ್ಲಿ, ಲಂಡನ್ನಿನ ಅಂಚಿನ ಹ್ಯಾಂಪ್‌ಸ್ಟೆಡ್‌ನಲ್ಲಿ, ಇಪ್ಪತ್ತನಾಲ್ಕು ವರ್ಷದ ಕವಿಯೊಬ್ಬ ತನ್ನ ಪ್ರೇಯಸಿಗೆ ಮೇಲಿಂದ ಮೇಲೆ ಚೀಟಿ ಬರೆಯುತ್ತಿದ್ದ. ಆಕೆ ಇದ್ದದ್ದು ಅದೇ ಕಟ್ಟಡದಲ್ಲಿ. ವೆಂಟ್‌ವರ್ತ್ ಪ್ಲೇಸ್ ಎಂಬ ಆ ಬಿಳಿ ಮನೆ ಹೊರಗಿನಿಂದ ಒಂದೇ ಎಂಬಂತೆ ಕಂಡರೂ ಒಳಗೆ ನಡುಗೋಡೆ ಹಾಕಿ ಎರಡು ಸಂಸಾರಗಳಿಗೆ ಹಂಚಿದ್ದು. ಒಂದು ಪಾಲಿನಲ್ಲಿ ಗೆಳೆಯ ಚಾರ್ಲ್ಸ್ ಬ್ರೌನ್‌ನ ಜೊತೆ ಜಾನ್ ಕೀಟ್ಸ್, ಇನ್ನೊಂದರಲ್ಲಿ ವಿಧವೆ ತಾಯಿ ಮತ್ತು ಒಡಹುಟ್ಟಿದವರಿಬ್ಬರೊಂದಿಗೆ ಫ್ಯಾನಿ ಬ್ರಾನ್. ಹಿತ್ತಿಲು, ಅಂಗಳ ಎರಡೂ ಮನೆಯವರಿಗೂ ಸೇರಿದ್ದು. ಆಕೆ ಅಂಗಳದಲ್ಲಿ ಓಡಾಡುವುದು ಅವನು ಮಲಗಿದ್ದ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು. ಆದರೂ ಪತ್ರ ಬರೆದ. ಕೀಟ್ಸ್‌ನ ಪ್ರೇಮಪತ್ರಗಳಲ್ಲಿ ಹೆಚ್ಚು ಹೊತ್ತು ಓದಿಸಿಕೊಳ್ಳುವವು ದೂರದ ದ್ವೀಪದಿಂದ ಬಂದ ಸುಂದರ ಪತ್ರಗಳಿಗಿಂತ ಈ ಪಕ್ಕದ ಮನೆಯ ಚೀಟಿಗಳೇ ಎಂದು ನನಗೆ ಅನ್ನಿಸುತ್ತದೆ.

ಬರೆಯಬೇಕಾಗಿ ಬಂದದ್ದು ಏಕೆಂದರೆ, ಫೆಬ್ರವರಿ 3ರ ರಾತ್ರಿ ಅವನು ಗಾಡಿಯ ಮೇಲ್ಗಡೆಯ ಅಗ್ಗದ ಸೀಟಿನಲ್ಲಿ ಚಳಿಯಲ್ಲಿ ಕೂತು ಪೇಟೆಯಿಂದ ಮನೆಗೆ ಬಂದು, ಹಾಸಿಗೆಗೆ ಹೋಗುತ್ತಲೇ ಕೆಮ್ಮಿ ರಕ್ತ ಉಗುಳಿದ. ಬ್ರೌನ್ ತಂದ ಮೇಣದಬತ್ತಿಯ ಬೆಳಕಿನಲ್ಲಿ ಹಾಸಿಗೆಯ ಬಟ್ಟೆಯ ಮೇಲಿನ ಕಲೆಯ ಬಣ್ಣ ನೋಡಿದ. ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕಲಿತು 1816ರಲ್ಲಿ ವೈದ್ಯವೃತ್ತಿಯ ಪರವಾನಗಿ ಪಡೆದವನು. ಅಪಧಮನಿಯ ರಕ್ತದ ಬಣ್ಣ ಗುರುತು ಹಿಡಿಯಬಲ್ಲವನು. ತಾಯಿ 1810ರಲ್ಲಿ ಕ್ಷಯದಿಂದ ಹೋಗಿದ್ದಳು. ತಮ್ಮ ಟಾಮ್ 1818ರ ಡಿಸೆಂಬರ್ 1ರಂದು ಇವನ ಆರೈಕೆಯಲ್ಲೇ ಅದೇ ರೋಗದಿಂದ ತೀರಿಕೊಂಡಿದ್ದ. ಫ್ಯಾನಿಯ ತಂದೆಯನ್ನು ಒಯ್ದದ್ದೂ ಕ್ಷಯವೇ.

ಕ್ಷಯ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂಬ ಕಾರಣಕ್ಕೆ ಅವರನ್ನು ದೂರ ಇರಿಸಿದ್ದೆಂದು ಈಗಿನವರು ಊಹಿಸಬಹುದು. ಹಾಗಲ್ಲ. ಜರ್ಮನ್ ವಿಜ್ಞಾನಿ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟದ್ದು 1882ರಲ್ಲಿ. ಅಂದಿನ ಇಂಗ್ಲಿಷ್ ವೈದ್ಯರ ಭಯ ಬೇರೆ: ಮನಸ್ಸು ಉದ್ರೇಕಗೊಂಡರೆ ರಕ್ತ ಮತ್ತೆ ಬರುತ್ತದೆ ಎಂಬುದು. ಕವಿತೆ ಬರೆಯಬಾರದು, ಓದುವುದೂ ಮಿತವಾಗಿರಬೇಕು, ಊಟ ಅರೆಹೊಟ್ಟೆ. ಮೇಲಿಂದ ನರ ಕೊಯ್ದು ರಕ್ತ ಹರಿಸುವ ಚಿಕಿತ್ಸೆ. ಪ್ರೇಯಸಿ ಬಂದರೆ ಒಂದಿಷ್ಟು ಹೊತ್ತು ಮಾತ್ರ. ಉಳಿದ ಹೊತ್ತಿಗೆ ಚೀಟಿ. ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಳ್ಳಲು ಶುಭರಾತ್ರಿ ಎಂದು ಬರೆದು ಕಳಿಸು ಎಂದು ಅವನು ಕೇಳುತ್ತಾನೆ. ಆಕೆ ಕಳಿಸುತ್ತಾಳೆ.

ಆಕೆ ಕಳಿಸಿದ್ದರಲ್ಲಿ ಒಂದೇ ಒಂದು ಚೂರೂ ನಮ್ಮ ಕೈಗೆ ಉಳಿದಿಲ್ಲ.

ಈ ಪತ್ರಗಳನ್ನು ಓದಲು ಕೂರುವವರು ಮೊದಲು ನೆನಪಿಟ್ಟುಕೊಳ್ಳಬೇಕಾದ್ದು ಇದು. 1819ರ ಜುಲೈನಿಂದ 1820ರ ಆಗಸ್ಟ್‌ವರೆಗೆ, ವರ್ಷದ ಮೇಲೆ ಒಂದು ತಿಂಗಳ ಅವಧಿಯಲ್ಲಿ ಕೀಟ್ಸ್ ಫ್ಯಾನಿಗೆ ಬರೆದವುಗಳಲ್ಲಿ ಇಂದು ತಿಳಿದಿರುವುದು 39. ಫ್ಯಾನಿ ಕೀಟ್ಸ್‌ಗೆ ಬರೆದದ್ದು ಸೊನ್ನೆ. ಹಾಗಾಗಿ ಇಲ್ಲಿ ನಾವು ಓದುತ್ತಿರುವುದು ಪತ್ರವ್ಯವಹಾರ ಅಲ್ಲ, ಅದರ ಅರ್ಧ. ಅದೂ ಜೋರಾಗಿ ಮಾತಾಡುವ ಅರ್ಧ. ಇನ್ನರ್ಧವನ್ನು ಅವನ ಉತ್ತರಗಳ ಒಳಗಿಂದಲೇ ಹೆಕ್ಕಿ ತೆಗೆಯಬೇಕು, ಮತ್ತು ಅದು ಸಾಧ್ಯ.

ಮೊದಲ ಪತ್ರಗಳನ್ನೇ ನೋಡಿ. 1819ರ ಬೇಸಿಗೆಯಲ್ಲಿ ಕೀಟ್ಸ್ ವೈಟ್ ದ್ವೀಪದ ಶಾಂಕ್ಲಿನ್ ಎಂಬ ಊರಿಗೆ ಹೋದ. ಕೈಯಲ್ಲಿ ಕಾಸಿರಲಿಲ್ಲ, ಬ್ರೌನ್ ಜೊತೆ ಸೇರಿ ನಾಟಕ ಬರೆದು ದುಡ್ಡು ಮಾಡುವ ಆಸೆ. ಜುಲೈ 1ರ ಪತ್ರದಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ: ಎರಡು ದಿನ ಹಿಂದೆ ರಾತ್ರಿ ಒಂದು ಪತ್ರ ಬರೆದಿದ್ದೆ, ಕಳಿಸಲಿಲ್ಲ, ಅದು ರೂಸೋನ ಕಾದಂಬರಿಯ ಪತ್ರದ ಹಾಗೆ ಆಗಿಬಿಟ್ಟಿತ್ತು, ಬೆಳಿಗ್ಗೆ ಹೊತ್ತು ಬರೆದರೆ ಬುದ್ಧಿ ನೆಟ್ಟಗಿರುತ್ತದೆ. ಅಂದರೆ ಮೊಟ್ಟಮೊದಲ ಪ್ರೇಮಪತ್ರವೇ ಎರಡನೆಯ ಕರಡು. ಈ ಮನುಷ್ಯ ಸುಮ್ಮನೆ ಉಕ್ಕಿ ಹರಿಯುತ್ತಿಲ್ಲ, ತನ್ನ ಉಕ್ಕನ್ನು ತಾನೇ ನಿಂತು ನೋಡುತ್ತಿದ್ದಾನೆ. ಬಿ.ಎ. ತರಗತಿಯಲ್ಲಿ ಕೀಟ್ಸ್‌ನ ನಾಲ್ಕಾರು ಪದ್ಯಗಳನ್ನು ಮಾತ್ರ ಓದಿ, ಕೋಗಿಲೆಯ ಹಾಗೆ ಹಾಡಿ ಸತ್ತ ಹುಡುಗ ಎಂಬ ಕಲ್ಪನೆ ಕಟ್ಟಿಕೊಂಡವರಿಗೆ ಈ ಪತ್ರ ಒಳ್ಳೆಯ ಮದ್ದು.

ಅವನ ಮುಂದಿನ ಪತ್ರ ಜುಲೈ 8ರದ್ದು. ಅದರಲ್ಲಿ ಅವನು ವಾದಕ್ಕೆ ನಿಂತಿದ್ದಾನೆ: ನಿನ್ನ ಚೆಲುವಿನ ಮಾತು ನಾನೇಕೆ ಎತ್ತಬಾರದು, ಅದಿಲ್ಲದೆ ನಾನು ನಿನ್ನನ್ನು ಪ್ರೀತಿಸಲು ಆಗುತ್ತಲೇ ಇರಲಿಲ್ಲವಲ್ಲ ಎಂದು. ಈ ಉತ್ತರಕ್ಕೆ ಒಂದು ಪ್ರಶ್ನೆ ಇದ್ದಿರಲೇಬೇಕು. ಹದಿನೆಂಟು ತುಂಬಿ ಹತ್ತೊಂಬತ್ತಕ್ಕೆ ಕಾಲಿಡುತ್ತಿದ್ದ ಹುಡುಗಿ, ಕವಿಯೊಬ್ಬನಿಂದ ಹೊಗಳಿಕೆಯ ಪತ್ರ ಬಂದಾಗ, ಬರೀ ರೂಪದ ಮಾತೇ ಆಯಿತಲ್ಲ ಎಂದು ಆಕ್ಷೇಪ ಎತ್ತಿದ್ದಾಳೆ. ಅದು ಹಗುರ ಬುದ್ಧಿಯವಳು ಎತ್ತುವ ಆಕ್ಷೇಪವಲ್ಲ. ಕಾಯಿಲೆ ಬಿದ್ದ ತಿಂಗಳಲ್ಲೂ ಹೀಗೇ. ನನ್ನ ಸ್ಥಿತಿ ಹೀಗಾಗಿದೆ, ಮದುವೆಯ ಮಾತಿನಿಂದ ನಿನ್ನನ್ನು ಬಿಡುಗಡೆ ಮಾಡುತ್ತೇನೆ ಎಂದು ಕೀಟ್ಸ್ ಬರೆದಿದ್ದಾನೆ; ಆಮೇಲಿನ ಚೀಟಿಯಲ್ಲಿ ಅವನ ಉಸಿರು ಹಗುರವಾಗಿದೆ. ನಡುವೆ ಆಕೆ ಒಲ್ಲೆ ಅಂದಿದ್ದಾಳೆ. ಅದನ್ನು ಯಾವ ಪದಗಳಲ್ಲಿ ಅಂದಳೋ ಸಿಗುವುದಿಲ್ಲ. ಅಂದಳು ಎಂಬುದಂತೂ ಸಿಗುತ್ತದೆ.

ಅಂಚೆಯ ವ್ಯವಹಾರವೂ ಓದಿನೊಳಗೆ ಬರಬೇಕು. 1840ಕ್ಕೆ ಮೊದಲು ಬ್ರಿಟನ್ನಿನಲ್ಲಿ ಅಂಚೆಯ ದುಡ್ಡು ಕೊಡುತ್ತಿದ್ದವರು ಸಾಮಾನ್ಯವಾಗಿ ಪತ್ರ ಪಡೆದವರು. ದೂರದ ಲೆಕ್ಕ, ಹಾಳೆಯ ಲೆಕ್ಕ. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಆದ್ದರಿಂದ ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಗೆ ವಿಳಾಸ ಬರೆದು ಕಳಿಸುತ್ತಿದ್ದರು. ಕೀಟ್ಸ್‌ನ ಪತ್ರ ಮನೆಗೆ ಬಂತೆಂದರೆ ಬ್ರಾನ್ ಮನೆಯವರ ಚೀಲದಿಂದ ಕಾಸು ಹೋಯಿತು ಎಂದೇ ಅರ್ಥ. ಮಗಳಿಗೆ ಬಂದ ಪತ್ರ ತಾಯಿಯ ಕಣ್ಣು ತಪ್ಪಿಸಿ ಬರುವ ಹಾಗಿರಲಿಲ್ಲ. ಆ ತಾಯಿಗೆ ಈ ನಂಟು ಮೊದಲಿಗೆ ಹಿಡಿಸಿರಲಿಲ್ಲ. ಹಿಡಿಸಲು ಕಾರಣವೇನಿತ್ತು? ವೈದ್ಯವೃತ್ತಿ ಬಿಟ್ಟವನು, ಎರಡು ಪುಸ್ತಕ ತಂದು ಎರಡನೆಯದಕ್ಕೆ ಪತ್ರಿಕೆಗಳಲ್ಲಿ ಬೈಸಿಕೊಂಡವನು, ಆದಾಯ ಇಲ್ಲದವನು. (ಅಜ್ಜ ಬಿಟ್ಟುಹೋದ ಹಣದಲ್ಲಿ ಅವನಿಗೆ ಸೇರಬೇಕಾದ ಪಾಲೊಂದು ಚಾನ್ಸರಿ ನ್ಯಾಯಾಲಯದ ವಶದಲ್ಲಿ ಸುಮ್ಮನೆ ಬಿದ್ದಿತ್ತು. ಅವನು ಅದನ್ನು ಕೇಳಿ ಪಡೆಯಲೇ ಇಲ್ಲ; ಅದು ಇದ್ದದ್ದು ಅವನಿಗೆ ಗೊತ್ತಿದ್ದಂತೆಯೂ ಕಾಣುವುದಿಲ್ಲ. ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಎಷ್ಟೋ ಕಣ್ಣೀರಿಗಿಂತ ನನಗೆ ಈ ಒಂದು ಕೋರ್ಟ್ ದಾಖಲೆ ಹೊಟ್ಟೆ ಉರಿಸುತ್ತದೆ.)

ಆಗಸ್ಟ್‌ನಲ್ಲಿ ಕೀಟ್ಸ್ ವಿಂಚೆಸ್ಟರ್‌ಗೆ ಹೋದ. ಅಲ್ಲಿಂದ ಬಂದ ಪತ್ರ ಕಲ್ಲಿನಷ್ಟು ಒರಟು. ಕೆಲಸದ ನಡುವೆ ಇದ್ದೇನೆ, ಮೆತ್ತನೆಯ ಮಾತು ಬರುತ್ತಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಸೆಪ್ಟೆಂಬರ್‌ನಲ್ಲಿ ದುಡ್ಡಿನ ತಾಪತ್ರಯಕ್ಕೆ ಮೂರು ನಾಲ್ಕು ದಿನ ಲಂಡನ್ನಿಗೆ ಬಂದವನು, ಹ್ಯಾಂಪ್‌ಸ್ಟೆಡ್ ಕೂಗಳತೆಯಲ್ಲಿದ್ದರೂ ಹೋಗಲಿಲ್ಲ. ಫ್ಲೀಟ್ ಸ್ಟ್ರೀಟ್‌ನಿಂದ ಪತ್ರ ಬರೆದ: ಬಂದರೆ ಬೆಂಕಿಗೆ ಬಿದ್ದಂತೆ, ಆದ್ದರಿಂದ ಬರುತ್ತಿಲ್ಲ. ಮತ್ತೆ ವಿಂಚೆಸ್ಟರ್‌ಗೆ ಹೋಗಿ, ಸೆಪ್ಟೆಂಬರ್ 19ರ ಭಾನುವಾರ ಸಂಜೆ ತಿರುಗಾಡಿ ಬಂದು, ಶರತ್ಕಾಲದ ಮೇಲಿನ ಆ ಪ್ರಸಿದ್ಧ ಪದ್ಯ ಬರೆದ. ಅದರಲ್ಲಿ ಫ್ಯಾನಿ ಇಲ್ಲ, ಅಳು ಇಲ್ಲ, 'ನಾನು' ಇಲ್ಲ. ಪ್ರೇಮಪತ್ರಗಳಿಂದ ಪದ್ಯಗಳಿಗೆ ಕೀಲಿಕೈ ಸಿಗುತ್ತದೆ ಎಂದು ಹೊರಡುವವರು ಈ ಒಂದು ವಾರದ ಮುಂದೆ ನಿಲ್ಲಬೇಕು. ಪತ್ರ ಬರೆದ ಕೈಯೇ ಪದ್ಯವನ್ನೂ ಬರೆದಿದೆ, ಆದರೆ ಒಂದರ ಬೇಗುದಿ ಇನ್ನೊಂದಕ್ಕೆ ದಾಟಿಲ್ಲ. ಪಕ್ಕದ ಮನೆಯಲ್ಲಿ ಫ್ಯಾನಿ ಇದ್ದ 1819ರ ವಸಂತದಲ್ಲಿ ಅವನ ದೊಡ್ಡ ಪ್ರಗಾಥಗಳು ಬಂದವು ಎಂಬುದು ನಿಜ. ಆ ತಿಂಗಳುಗಳಲ್ಲಿ ಅವನು ಅವಳಿಗೆ ಬರೆದದ್ದೆಂದು ನಮಗೆ ಸಿಕ್ಕಿರುವ ಪತ್ರ ಒಂದೂ ಇಲ್ಲ ಎಂಬುದೂ ಅಷ್ಟೇ ನಿಜ. ಗೋಡೆಯಾಚೆ ಹೋಗಿ ಮಾತಾಡಬಹುದಾದಾಗ ಯಾರು ಬರೆಯುತ್ತಾರೆ?

ಓದುಗರು ಎಚ್ಚರವಹಿಸಬೇಕಾದ ಇನ್ನೊಂದು ಸಂಗತಿ ತಾರೀಖು. 1819ರ ಪತ್ರಗಳಲ್ಲಿ ಹೆಚ್ಚಿನವಕ್ಕೆ ಊರು, ದಿನ, ಅಂಚೆಮುದ್ರೆ ಇವೆ. 1820ರ ಚೀಟಿಗಳು ಕೈಯಿಂದ ಕೈಗೆ ಹೋದವು. ಬಹುತೇಕ ತಾರೀಖಿಲ್ಲದವು, ಇದ್ದರೆ ವಾರದ ಹೆಸರು ಮಾತ್ರ. 1878ರಲ್ಲಿ ಮೊದಲು ಅಚ್ಚು ಹಾಕಿಸಿದ ಹ್ಯಾರಿ ಬಕ್ಸ್‌ಟನ್ ಫೋರ್ಮನ್ ಒಂದು ಕ್ರಮ ಕೊಟ್ಟ, 1958ರ ಆವೃತ್ತಿಯಲ್ಲಿ ಹೈಡರ್ ರೋಲಿನ್ಸ್ ತನ್ನದೇ ಕ್ರಮ ಕೊಟ್ಟ. ಇದು ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ಮೆತ್ತಗಿನ ಚೀಟಿಯೊಂದು ಸಿಟ್ಟಿನ ಚೀಟಿಗೆ ಮೊದಲು ಬಂದಿತೋ ಆಮೇಲೆ ಬಂದಿತೋ ಎಂಬುದರ ಮೇಲೆ ಇಡೀ ಕಥೆ ಬದಲಾಗುತ್ತದೆ. ಪುಸ್ತಕದಲ್ಲಿ ಪುಟದಿಂದ ಪುಟಕ್ಕೆ ಅವನು ಕುದಿಯುತ್ತಾ ಹೋದಂತೆ ಕಾಣುವುದರಲ್ಲಿ ಒಂದು ಪಾಲು ರೋಗದ್ದು, ಇನ್ನೊಂದು ಪಾಲು ಸಂಪಾದಕನ ಊಹೆಯದು.

ಸಿಟ್ಟಂತೂ ಇತ್ತು. ಮೇ ತಿಂಗಳಲ್ಲಿ ಬ್ರೌನ್ ವಾಡಿಕೆಯಂತೆ ಬೇಸಿಗೆಗೆ ತನ್ನ ಪಾಲಿನ ಮನೆ ಬಾಡಿಗೆಗೆ ಕೊಟ್ಟು ಸ್ಕಾಟ್ಲೆಂಡಿಗೆ ಹೊರಟ. ಕೀಟ್ಸ್ ಎರಡು ಮೈಲಿ ಆಚೆಯ ಕೆಂಟಿಶ್ ಟೌನ್‌ನಲ್ಲಿ ಕೋಣೆ ಹಿಡಿದ. ಅಲ್ಲಿಂದ ಬರೆದ ಪತ್ರಗಳನ್ನು ಪ್ರೇಮದ ಪರಾಕಾಷ್ಠೆ ಎಂದು ಹೊಗಳುವುದನ್ನು ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ನೀನು ಬ್ರೌನ್ ಜೊತೆ ಸಲಿಗೆಯಿಂದ ಇದ್ದೆ; ಆ ಪಾರ್ಟಿಗೆ ಏಕೆ ಹೋದೆ; ನಾನಿಲ್ಲದೆ ನಿನಗೆ ನಗು ಹೇಗೆ ಬರುತ್ತದೆ; ಬರೆಯುವುದಿದ್ದರೆ ಸ್ಫಟಿಕದಷ್ಟು ತಿಳಿಯಾದ ಮನಸ್ಸಾಕ್ಷಿಯಿಂದ ಬರೆ. ತನ್ನನ್ನು ತಿಂಗಳುಗಟ್ಟಲೆ ಸಾಕಿದ ಬ್ರೌನ್‌ನ ಮುಖವನ್ನೂ ಇನ್ನು ನೋಡಲಾರೆ ಎನ್ನುತ್ತಾನೆ. ಕೊನೆಯ ಪತ್ರದಲ್ಲಿ ಒಫೀಲಿಯಾಳನ್ನು ಗದರಿದ ಹ್ಯಾಮ್ಲೆಟ್‌ನ ಬಾಯಿ ಎರವಲು ಪಡೆಯುತ್ತಾನೆ. ರೋಗ, ಹಸಿವು, ನಿದ್ದೆಗೆಟ್ಟ ರಾತ್ರಿಗಳು ಇದನ್ನೆಲ್ಲ ಅರ್ಥ ಮಾಡಿಸುತ್ತವೆ, ಸರಿ. ಆದರೆ ಇವನ್ನು ಕೈಯಲ್ಲಿ ಹಿಡಿದು ಓದಿದವಳಿಗೆ ಆಗ ಹತ್ತೊಂಬತ್ತು ವರ್ಷ. ಬೇರೆ ಯಾರಾದರೂ ಗಂಡಸು ಹೀಗೆ ಬರೆದಿದ್ದರೆ ನಾವು ಆ ಹುಡುಗಿಗೆ ಏನು ಬುದ್ಧಿ ಹೇಳುತ್ತಿದ್ದೆವು ಎಂದು ಯೋಚಿಸದೆ ಈ ಪುಟಗಳನ್ನು ಮೆಚ್ಚುವುದು ಕವಿಗೆ ಕೊಡುವ ರಿಯಾಯಿತಿ.

ಆ ಹುಡುಗಿ ಮಾಡಿದ್ದು ಏನೆಂದರೆ, ಆಗಸ್ಟ್ 12ರಂದು ಅವನನ್ನು ಮನೆಗೆ ಸೇರಿಸಿಕೊಂಡದ್ದು. ಆಗ ಕೀಟ್ಸ್ ಗೆಳೆಯ ಲೀ ಹಂಟ್‌ನ ಮನೆಯಲ್ಲಿದ್ದ. ಮಕ್ಕಳು ಮರಿಗಳ ಗದ್ದಲದ ಮನೆ. ಫ್ಯಾನಿಯ ಪತ್ರವೊಂದು ಅರಗು ಒಡೆದು, ಎರಡು ದಿನ ತಡವಾಗಿ ಅವನ ಕೈ ಸೇರಿತು. ಬೇರೊಬ್ಬರ ಕಣ್ಣು ಅದರ ಮೇಲೆ ಬಿದ್ದಿತು ಎಂದು ಗಂಟೆಗಟ್ಟಲೆ ಅತ್ತ. ಆ ಸಂಜೆಯೇ ಎದ್ದು ಹ್ಯಾಂಪ್‌ಸ್ಟೆಡ್‌ಗೆ ನಡೆದ. ಶ್ರೀಮತಿ ಬ್ರಾನ್, ಒಲ್ಲದ ತಾಯಿ ಎಂದೆನಲ್ಲ, ಅವಳೇ ಅವನನ್ನು ಒಳಗೆ ಕರೆದು ಉಳಿಸಿಕೊಂಡಳು. ಮದುವೆಯಾಗದ ಮಗಳಿರುವ ಮನೆಯಲ್ಲಿ, ನೆರೆಹೊರೆಯವರ ಬಾಯಿಗೆ ಹೆದರದೆ, ತಿಂಗಳ ಕಾಲ ತಾಯಿ ಮಗಳು ಅವನನ್ನು ನೋಡಿಕೊಂಡರು. ಆರೋಗ್ಯಕ್ಕಾಗಿ ಹೊರಡಲಿದ್ದ ಇಟಲಿಯಿಂದ ಗುಣವಾಗಿ ಬಂದರೆ ಮದುವೆ ಎಂದು ತಾಯಿ ಮಾತು ಕೊಟ್ಟಳು. ಸೆಪ್ಟೆಂಬರ್ 13ರವರೆಗಿನ ಈ ತಿಂಗಳಿನ ಪ್ರೇಮಪತ್ರ ಒಂದೂ ಇಲ್ಲ. ಒಂದೇ ಸೂರಿನ ಕೆಳಗೆ ಇದ್ದರು. ಪತ್ರಗಳನ್ನಷ್ಟೇ ನೆಚ್ಚಿಕೊಂಡವರಿಗೆ ಅವರಿಬ್ಬರ ಕಥೆಯ ಅತಿ ದೊಡ್ಡ ಘಟ್ಟವೇ ಕಾಣದೆ ಹೋಗುತ್ತದೆ.

ಇಟಲಿಗೆ ಹೊರಟಾಗ ಫ್ಯಾನಿ ಅವನ ಪ್ರಯಾಣದ ಟೋಪಿಗೆ ಒಳಗಡೆ ರೇಷ್ಮೆಯ ಅಸ್ತರಿ ಹೊಲಿದುಕೊಟ್ಟಳು. ತಂಪಾದ ಬಿಳಿಯ ಕಲ್ಲೊಂದನ್ನು ಕೊಟ್ಟಳು. ಹೊಲಿಗೆ ಮಾಡುವಾಗ ಬಿಸಿಯಾದ ಬೆರಳುಗಳನ್ನು ತಂಪು ಮಾಡಿಕೊಳ್ಳಲು ಬಳಸುತ್ತಿದ್ದಂಥದು. ಅದನ್ನು ಅವನು ಕೊನೆಯ ದಿನಗಳಲ್ಲಿ ಕೈಯಿಂದ ಬಿಡುತ್ತಿರಲಿಲ್ಲ ಎಂದು ಜೊತೆಗಿದ್ದ ಚಿತ್ರಕಾರ ಜೋಸೆಫ್ ಸೆವರ್ನ್ ಹೇಳಿದ್ದಾನೆ. ನೇಪಲ್ಸ್ ಬಂದರಿನಲ್ಲಿ ಹಡಗನ್ನು ಹತ್ತು ದಿನ ಕ್ವಾರಂಟೈನ್‌ನಲ್ಲಿ ನಿಲ್ಲಿಸಿದರು. ಅಲ್ಲಿಂದ ಅವನು ಫ್ಯಾನಿಗೆ ಬರೆಯಲಿಲ್ಲ, ಅವಳ ತಾಯಿಗೆ ಬರೆದ. ಮಗಳಿಗೆ ಕೊನೆಯಲ್ಲಿ ಒಂದು ವಿದಾಯದ ಸಾಲು. ಆಕೆಯ ಅಕ್ಷರ ಕಂಡರೂ ಎದೆ ಒಡೆಯುತ್ತದೆ ಎಂದು ನವೆಂಬರ್ 1ರಂದು ಬ್ರೌನ್‌ಗೆ ಬರೆದ. ಮುಖ ನೋಡೆನೆಂದಿದ್ದ ಅದೇ ಬ್ರೌನ್‌ಗೆ. ರೋಮಿನಲ್ಲಿ ಫ್ಯಾನಿಯ ಪತ್ರಗಳು ಬಂದವು, ಅವನು ತೆರೆಯಲಿಲ್ಲ. 1821ರ ಫೆಬ್ರವರಿ 23ರಂದು ತೀರಿಕೊಂಡ. ಅರಗು ಒಡೆಯದ ಪತ್ರಗಳನ್ನು ಅವನ ಇಚ್ಛೆಯಂತೆ ಶವಪೆಟ್ಟಿಗೆಯೊಳಗೆ ಇಟ್ಟು ಹೂಳಿದರು. ಕ್ಷಯ ಅಂಟುರೋಗವೆಂದೇ ಅಲ್ಲಿನ ಕಾನೂನು ನಂಬಿತ್ತು. ಕೋಣೆಯ ಪೀಠೋಪಕರಣಗಳನ್ನು ಸುಟ್ಟರು.

ಫ್ಯಾನಿ ವಿಧವೆಯಂತೆ ಶೋಕದ ಉಡುಪು ತೊಟ್ಟಳು. 1833ರಲ್ಲಿ ಲೂಯಿ ಲಿಂಡನ್ ಎಂಬವನನ್ನು ಮದುವೆಯಾಗಿ, ಬಹುಕಾಲ ಯುರೋಪಿನಲ್ಲಿದ್ದು, 1865ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಕೀಟ್ಸ್ ಕೊಟ್ಟಿದ್ದ ಕೆಂಪುಕಲ್ಲಿನ ಉಂಗುರ ಬೆರಳಿನಲ್ಲೇ ಇತ್ತು. ಪತ್ರಗಳ ವಿಷಯ ಮಕ್ಕಳಿಗೆ ಮಾತ್ರ ಹೇಳಿದ್ದಳು. ತಂದೆಯೂ ತೀರಿದ ಮೇಲೆ ಮಕ್ಕಳು ಅವನ್ನು ಹೊರಗೆ ತಂದರು: 1878ರಲ್ಲಿ ಪುಸ್ತಕ, 1885ರ ಮಾರ್ಚ್‌ನಲ್ಲಿ ಸದಬೀಸ್‌ನಲ್ಲಿ ಹರಾಜು. ಒಟ್ಟಾಗಿ ಇದ್ದ ಕಟ್ಟು ಚೆದುರಿಹೋಯಿತು. ಆಸ್ಕರ್ ವೈಲ್ಡ್ ಆ ಮಾರಾಟವನ್ನು ಖಂಡಿಸಿ ಸಾನೆಟ್ ಬರೆದ. ಹತ್ತು ವರ್ಷಕ್ಕೆ ಅವನದೇ ಪ್ರೇಮಪತ್ರವನ್ನು ಕೋರ್ಟಿನಲ್ಲಿ ಓದಿದರು. 2011ರಲ್ಲಿ ಕೀಟ್ಸ್‌ನ ಒಂದೇ ಒಂದು ಚೀಟಿಯನ್ನು, ಈಗ ವಸ್ತುಸಂಗ್ರಹಾಲಯವಾಗಿರುವ ಆ ಹ್ಯಾಂಪ್‌ಸ್ಟೆಡ್ ಮನೆಗೆಂದು, ಸಿಟಿ ಆಫ್ ಲಂಡನ್ ಆಡಳಿತ 96,000 ಪೌಂಡ್ ಕೊಟ್ಟು ಹರಾಜಿನಲ್ಲಿ ಕೊಂಡಿತು.

ಪುಸ್ತಕ ಬಂದಾಗ ಬೈಗುಳ ಇಬ್ಬರಿಗೂ ಬಿತ್ತು. ಇವು ವೈದ್ಯನ ಕೈಕೆಳಗಿನ ಹುಡುಗ ಬರೆಯುವ ದರ್ಜೆಯ ಪತ್ರಗಳು ಎಂಬ ಧಾಟಿಯಲ್ಲಿ 1880ರಲ್ಲಿ ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ ಮೂಗು ಮುರಿದ. ಅದು ವಿಮರ್ಶೆಗಿಂತ ಜಾತಿಬುದ್ಧಿ. ಕುದುರೆಲಾಯ ನಡೆಸುವವನ ಮಗ ಮನೆತನಸ್ಥರ ಹಾಗೆ ಸಂಯಮದಿಂದ ಪ್ರೀತಿಸಲಿಲ್ಲ ಎಂಬ ತಕರಾರು. ಫ್ಯಾನಿಯ ಮೇಲೆ ಬಿದ್ದದ್ದು ಇನ್ನೂ ಭಾರ. ಕವಿಯ ಸಂಶಯಗಳನ್ನೇ ಸಾಕ್ಷಿ ಎಂದು ಹಿಡಿದು, ಅವಳು ಹಗುರ ಹೆಣ್ಣು, ಅವನ ಯೋಗ್ಯತೆ ತಿಳಿಯದವಳು ಎಂದರು. 1829ರ ಕೊನೆಯಲ್ಲಿ, ಕೀಟ್ಸ್‌ನ ಬಗ್ಗೆ ಬರೆಯಲು ಹೊರಟ ಬ್ರೌನ್‌ಗೆ ಅವಳು ಬರೆದಿದ್ದ ಪತ್ರದಿಂದ, ಅವನನ್ನು ಮರೆವಿನಲ್ಲಿ ನೆಮ್ಮದಿಯಾಗಿ ಬಿಡುವುದೇ ದಯೆ ಎಂಬ ಅರ್ಥದ ಒಂದು ಮಾತನ್ನು ಕಿತ್ತು ಊರೆಲ್ಲ ತಿರುಗಿಸಿದರು. ಸತ್ತವನನ್ನು ಮತ್ತೆ ಪತ್ರಿಕೆಯವರ ಬಾಯಿಗೆ ಕೊಡಬೇಡಿ ಎಂಬ ಸಂಕಟವೂ ಅದರಲ್ಲಿ ಇರಬಹುದೆಂದು ಹೊಳೆಯಲಿಲ್ಲ.

ಇದನ್ನು ತಿರುಗುಮುರುಗು ಮಾಡಿದ್ದು ಇನ್ನೊಂದು ಕಟ್ಟು. ಕೀಟ್ಸ್‌ಗೆ ಒಬ್ಬ ತಂಗಿ ಇದ್ದಳು, ಅವಳ ಹೆಸರೂ ಫ್ಯಾನಿ. ಪೋಷಕನೊಬ್ಬನ ಬಿಗಿ ಕಾವಲಿನಲ್ಲಿ ಬೆಳೆಯುತ್ತಿದ್ದ ಹುಡುಗಿ. ನನ್ನ ತಂಗಿಗೆ ಬರೆಯುತ್ತಿರು ಎಂದು ಹೊರಡುವಾಗ ಕೀಟ್ಸ್ ಹೇಳಿ ಹೋಗಿದ್ದ. 1820ರ ಸೆಪ್ಟೆಂಬರ್‌ನಿಂದ 1824ರವರೆಗೆ ಫ್ಯಾನಿ ಬ್ರಾನ್ ಅವಳಿಗೆ ಬರೆದ 31 ಪತ್ರಗಳು ಉಳಿದಿವೆ. ತಂಗಿ ಮುಂದೆ ಸ್ಪೇನಿನ ಲೇಖಕ ವಲೆಂಟಿನ್ ಯಾನೋಸ್‌ನನ್ನು ಮದುವೆಯಾಗಿ ಮ್ಯಾಡ್ರಿಡ್‌ನಲ್ಲಿ ನೆಲೆಸಿದಳು. ಪತ್ರಗಳನ್ನು ಜೋಪಾನವಾಗಿ ಇಟ್ಟಳು. 1930ರ ದಶಕದಲ್ಲಿ ಅವು ಹ್ಯಾಂಪ್‌ಸ್ಟೆಡ್ ಮನೆಗೆ ದಾನವಾಗಿ ಬಂದು ಅಚ್ಚಾದವು. ಅವುಗಳಲ್ಲಿ ಬಟ್ಟೆಬರೆಯ ಮಾತಿದೆ, ಓದಿದ ಪುಸ್ತಕಗಳ ಮಾತಿದೆ, ನೆಂಟರ ಮೇಲೆ ಕೊಂಕು ಇದೆ. ರೋಮಿನಿಂದ ಬಂದ ಸುದ್ದಿಯಲ್ಲಿ ತಂಗಿಗೆ ಎಷ್ಟು ಹೇಳಬೇಕು ಎಂಬ ತೂಕ ಇದೆ. ತಾನು ಇದರಿಂದ ಚೇತರಿಸಿಕೊಂಡಿಲ್ಲ, ಚೇತರಿಸಿಕೊಳ್ಳುವುದೂ ಇಲ್ಲ ಎಂದು ಒಂದು ಕಡೆ ಅಲಂಕಾರವಿಲ್ಲದೆ ಹೇಳಿ, ಮುಂದಿನ ವಿಷಯಕ್ಕೆ ಹೋಗುತ್ತಾಳೆ.

ಕೀಟ್ಸ್‌ನ ಪ್ರೇಮಪತ್ರಗಳನ್ನು ಹೊಸದಾಗಿ ಓದಲು ಹೊರಟವರಿಗೆ ನನ್ನ ಸಲಹೆ ತಲೆಕೆಳಗಾದದ್ದು. ಮೊದಲು ಈ 31 ಪತ್ರಗಳನ್ನು ಓದಿ, ಆಮೇಲೆ ಅವನ 39ಕ್ಕೆ ಬನ್ನಿ. ಜುಲೈ 8ರ ಪತ್ರದಲ್ಲಿ ಅವನು ಚೆಲುವಿನ ಬಗ್ಗೆ ವಾದಿಸುವಾಗ ಎದುರಿಗೆ ಯಾರಿದ್ದಾರೆಂದು ಆಗ ನಿಮಗೆ ಗೊತ್ತಿರುತ್ತದೆ.